ಹನುಮಂತನ ಬಾಲವಾದ ಪಟ್ಟಿ

ಕ್ರೇಗ್ ನ್ಯೂಮಾರ್ಕ್‌ನ ಇಮೇಲ್ ಪಟ್ಟಿ 1995ರ ನಡುಭಾಗದಲ್ಲಿ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಆತ ಬಳಸುತ್ತಿದ್ದುದು ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಕಟ್ಟಿದ್ದ ಪೈನ್ ಎಂಬ ತಂತ್ರಾಂಶ. ಅದರಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ, ಪರದೆಯ ತುಂಬ ಬರೀ ಅಕ್ಷರ. ಅದರ ಸಿಸಿ ಸಾಲಿಗೆ ಆತ ಒಂದೊಂದಾಗಿ ವಿಳಾಸಗಳನ್ನು ಸೇರಿಸುತ್ತ ಬಂದಿದ್ದ. ಹತ್ತಿದ್ದದ್ದು ನೂರಾಯಿತು, ನೂರು ಇನ್ನೂರಾಯಿತು. ಸುಮಾರು 240 ವಿಳಾಸಗಳಿಗೆ ಬಂದು ಮುಟ್ಟುವಷ್ಟರಲ್ಲಿ ಪೈನ್ ತನ್ನಿಂದಾಗದು ಎಂದು ಕೂತುಬಿಟ್ಟಿತು. ಪಟ್ಟಿ ಹನುಮಂತನ ಬಾಲದಂತೆ ಬೆಳೆದಿತ್ತು, ಅದನ್ನು ಹೊತ್ತ ಸಾಲು ಮಾತ್ರ ಇದ್ದಲ್ಲೇ ಇತ್ತು.

ಸೋಜಿಗವೆಂದರೆ, ಮೊದಲ ಕೆಲವು ಗೆಳೆಯರದನ್ನು ಬಿಟ್ಟರೆ, ಆ ವಿಳಾಸಗಳಲ್ಲಿ ಒಂದನ್ನೂ ನ್ಯೂಮಾರ್ಕ್ ಹುಡುಕಿಕೊಂಡು ಹೋಗಿರಲಿಲ್ಲ. ಜಾಹೀರಾತು ಕೊಟ್ಟಿರಲಿಲ್ಲ, ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ಜನರೇ ಕೇಳಿ ಸೇರಿಕೊಂಡಿದ್ದರು. ಸೇರಿದವರು ಬಿಟ್ಟುಹೋಗುವ ಬದಲು ಇನ್ನಷ್ಟು ಜನರನ್ನು ಕರೆತಂದಿದ್ದರು.

ಜನರನ್ನು ಸೆಳೆಯುವ ಆಸಾಮಿಯಂತೂ ಆತನಾಗಿರಲಿಲ್ಲ. 1952ರಲ್ಲಿ ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಹುಟ್ಟಿದ ನ್ಯೂಮಾರ್ಕ್, ಹದಿಮೂರರ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡ. ಶಾಲೆಯಲ್ಲಿ ಅವನದು ಅಂಗಿಯ ಜೇಬಿಗೆ ಇಂಕು ತಾಗದಂತೆ ಪ್ಲಾಸ್ಟಿಕ್ ಹಾಳೆ, ಮೂಗಿನ ಮೇಲೆ ಟೇಪು ಸುತ್ತಿದ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ. ಗುಂಪಿನಿಂದ ಹೊರಗುಳಿಯುವುದು ಎಂದರೇನು ಎಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಐಬಿಎಂ ಸೇರಿದವನು ಅಲ್ಲಿ ಹದಿನೇಳು ವರ್ಷ ಪ್ರೋಗ್ರಾಮು ಬರೆದ. ಸುತ್ತಲಿನ ಯಾರಿಗೂ ತನ್ನ ಮಾತು ಅರ್ಥವಾಗುತ್ತಿಲ್ಲ ಎಂದು ಬಹುಕಾಲ ಅಂದುಕೊಂಡಿದ್ದ. ಎಲ್ಲರೂ ಹಾಗೇ ಆಗಿದ್ದರೆ ತೊಂದರೆ ಅವರಲ್ಲಿಲ್ಲ, ತನ್ನಲ್ಲೇ ಇದೆ ಎಂಬುದು ತಡವಾಗಿ ಹೊಳೆಯಿತು.

1993ರಲ್ಲಿ ಚಾರ್ಲ್ಸ್ ಶ್ವಾಬ್ ಎಂಬ ಷೇರು ದಲ್ಲಾಳಿ ಸಂಸ್ಥೆಯ ಕೆಲಸಕ್ಕಾಗಿ ಆತ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ. ಊರು ಹೊಸದು, ಪರಿಚಯದವರು ಕಡಿಮೆ. ಸಹೋದ್ಯೋಗಿಗಳನ್ನು ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಇಂಟರ್ನೆಟ್ ಎಂದರೇನು, ಮುಂದೊಂದು ದಿನ ಷೇರು ವ್ಯವಹಾರವೂ ಅದರ ಮೇಲೆಯೇ ಹೇಗೆ ನಡೆಯಬಹುದು ಎಂದು ಹೇಳುತ್ತಿದ್ದ. ಸಂಜೆ ಹೊತ್ತು ತಾನೇ ಇಂಟರ್ನೆಟ್ಟಿನಲ್ಲಿ ಅಲೆಯುತ್ತಿದ್ದ. ಆ ಊರಿನ ಆಸುಪಾಸಿನಲ್ಲಿ 1985ರಿಂದಲೂ ವೆಲ್ ಎಂಬ ಚರ್ಚಾಕೂಟ ನಡೆಯುತ್ತಿತ್ತು. ಅಲ್ಲಿ ಒಬ್ಬರ ಮುಖ ಒಬ್ಬರು ಕಾಣದವರು ಕಾಸಿನ ಆಸೆಯಿಲ್ಲದೆ ಪರಸ್ಪರರ ಕಷ್ಟಕ್ಕೆ ಒದಗುತ್ತಿದ್ದರು. ಮಾತು ಬಾರದ ನ್ಯೂಮಾರ್ಕ್‌ಗೆ ಅದು ಮೆಚ್ಚುಗೆಯಾಯಿತು. ತಾನೂ ಏನಾದರೂ ಕೊಡಬೇಕು, ಆದರೆ ಏನನ್ನು?

ಕೊಡಲು ಅವನ ಬಳಿ ಇದ್ದದ್ದು ಒಂದೇ: ಎಲ್ಲೆಲ್ಲಿ ಏನು ನಡೆಯುತ್ತಿದೆ ಎಂಬ ಸುದ್ದಿ. ಜೋಸ್ ಡಿಜಿಟಲ್ ಡೈನರ್ ಎಂಬ ಜಾಗದಲ್ಲಿ ಆಗಷ್ಟೇ ಕಣ್ಣುಬಿಡುತ್ತಿದ್ದ ಮಲ್ಟಿಮೀಡಿಯಾದ ಕಸರತ್ತುಗಳನ್ನು ತೋರಿಸುತ್ತಿದ್ದರು. ಉದ್ದನೆಯ ಮೇಜಿನ ಸುತ್ತ ಹತ್ತು ಹನ್ನೆರಡು ಮಂದಿ ಕೂತು ಉಣ್ಣುತ್ತಿದ್ದರು. ಊಟ ಮಾತ್ರ ಯಾವಾಗಲೂ ಅದೇ, ಸ್ಪಗೆಟಿ ಮತ್ತು ಮಾಂಸದ ಉಂಡೆ. ಅನಾನ್ ಸಲೂನ್ ಎಂಬ ಇನ್ನೊಂದು ಕೂಟದಲ್ಲಿ ನಾಟಕದ ವೇಷಭೂಷಣವೂ ಕಂಪ್ಯೂಟರ್ ಹುಚ್ಚೂ ಒಟ್ಟಿಗೆ ಸೇರುತ್ತಿದ್ದವು. 1995ರ ಆರಂಭದಲ್ಲಿ ನ್ಯೂಮಾರ್ಕ್ ಇಂಥವುಗಳ ಸಮಾಚಾರ ಬರೆದು ಹತ್ತು ಹನ್ನೆರಡು ಗೆಳೆಯರ ವಿಳಾಸ ಹಾಕಿ ಕಳಿಸಿದ. ಅದಕ್ಕೆ ಹೆಸರಿರಲಿಲ್ಲ, ಉದ್ದೇಶ ಎಂದು ಹೇಳಿಕೊಳ್ಳುವಂಥದ್ದೂ ಇರಲಿಲ್ಲ.

ಓದಿದವರು ಅದನ್ನು ತಮ್ಮ ಗೆಳೆಯರಿಗೆ ಹೇಳಿದರು. ನನ್ನನ್ನೂ ಸೇರಿಸಿಕೋ ಎಂಬ ಸಾಲುಗಳು ಬರತೊಡಗಿದವು. ಆತ ಒಂದೊಂದನ್ನೂ ಸಿಸಿ ಸಾಲಿಗೆ ಹಾಕಿಕೊಂಡ. ಅಷ್ಟರಲ್ಲಿ ಅವನು ನೆನಸದ ಒಂದು ತಿರುವು ಬಂತು. ತಂತ್ರಜ್ಞರು ಬೇಕಾಗಿದ್ದ ಯಾರೋ ಒಬ್ಬರಿಗೆ ಈ ಪಟ್ಟಿಯಲ್ಲಿರುವವರೆಲ್ಲ ಅಂಥವರೇ ಎಂದು ಹೊಳೆದು, ಒಂದು ಕೆಲಸ ಖಾಲಿಯಿದೆ, ಇದನ್ನೂ ಹಾಕುತ್ತೀಯಾ ಎಂದು ಕೇಳಿದರು. ಇನ್ಯಾರೋ ಮಾರಾಟಕ್ಕಿಟ್ಟ ವಸ್ತುವಿನ ಬಗ್ಗೆ ಬರೆದರು. ಸಮಾರಂಭಗಳ ಸುದ್ದಿಪತ್ರ ನಡೆಸುವವನು ಇಂಥ ಹೊತ್ತಿನಲ್ಲಿ, ಇದು ನಮ್ಮ ವಿಷಯವಲ್ಲ ಎಂದು ಬದಿಗೆ ಸರಿಸುವುದೇ ವಾಡಿಕೆ. ನ್ಯೂಮಾರ್ಕ್ ಸರಿಸಲಿಲ್ಲ. ಅಚ್ಚರಿಪಟ್ಟ, ಹಾಕಿದ. ಬಾಡಿಗೆ ಮನೆ ಸಿಗುವುದು ಊರಿನಲ್ಲಿ ದಿನೇ ದಿನೇ ದುಸ್ತರವಾಗುತ್ತಿದ್ದುದನ್ನು ಕಂಡು, ಖಾಲಿ ಮನೆ ಗೊತ್ತಿದ್ದರೆ ತಿಳಿಸಿ ಎಂದು ಆತನೇ ಕೇಳಿಕೊಂಡ. ಇಡೀ ಕತೆಯಲ್ಲಿ ಅವನದೇ ಆದ ಬುದ್ಧಿವಂತಿಕೆ ಎಂದು ತೋರಿಸಬಹುದಾದದ್ದು ಈ ಒಂದು ಕೋರಿಕೆಯೇ ಇರಬೇಕು.

ಅದೇ ಕಾಲದಲ್ಲಿ ಬೇರೆ ಕೆಲವರು ಜನರನ್ನು ತಲುಪುವ ಅಡ್ಡದಾರಿಯನ್ನೂ ಹಿಡಿದು ನೋಡಿದ್ದರು. 1994ರ ಏಪ್ರಿಲ್ 12ರಂದು ಅಮೆರಿಕದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್, ಗ್ರೀನ್ ಕಾರ್ಡ್ ಲಾಟರಿಗೆ ನೆರವಾಗುವ ತಮ್ಮ ಸೇವೆಯ ಜಾಹೀರಾತನ್ನು ಯೂಸ್‌ನೆಟ್ ಎಂಬ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಏಟಿಗೆ ಸುರಿದು ಇಂಟರ್ನೆಟ್ಟಿಗರ ಕೆಂಗಣ್ಣಿಗೆ ಗುರಿಯಾದರು. ಅದಕ್ಕೂ ಹದಿನಾರು ವರ್ಷ ಮೊದಲು, 1978ರ ಮೇ ತಿಂಗಳಲ್ಲಿ, ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟಗಾರ ಗ್ಯಾರಿ ಥರ್ಕ್ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ಟಿನ ಸುಮಾರು 400 ಜನರಿಗೆ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿ ಎಂದು ಇಮೇಲ್ ಕಳಿಸಿದ್ದ. ವಿಳಾಸಗಳನ್ನು ಅಚ್ಚಾದ ಡೈರೆಕ್ಟರಿಯಿಂದ ಎತ್ತಿ ಬೆರಳಚ್ಚು ಮಾಡಿಸಿದ್ದ. ಅಂದಿನ ತಂತ್ರಾಂಶಕ್ಕೂ ಅಷ್ಟು ಹೆಸರು ಹಿಡಿಸದೆ, ಉಳಿದ ವಿಳಾಸಗಳು ತುಳುಕಿ ಪತ್ರದ ಒಡಲಿಗೇ ಇಳಿದಿದ್ದವು. ಆಹ್ವಾನ ಓದಬೇಕಾದವರು ಮೊದಲು ಪುಟಗಟ್ಟಲೆ ವಿಳಾಸ ಓದಿದರು. ಥರ್ಕ್‌ಗೆ ಒಂದಿಷ್ಟು ವ್ಯಾಪಾರವಾಯಿತು, ಬೈಗುಳವೂ ಸಿಕ್ಕಿತು. ಇಂದು ಅದನ್ನು ಮೊದಲ ಸ್ಪ್ಯಾಮ್ ಎಂದು ಕರೆಯುತ್ತಾರೆ. ಥರ್ಕ್‌ಗೂ ನ್ಯೂಮಾರ್ಕ್‌ಗೂ ಎಡವಿದ ಕಲ್ಲು ಒಂದೇ, ತುಂಬಿ ತುಳುಕಿದ ವಿಳಾಸದ ಸಾಲು. ಆದರೆ ಒಬ್ಬನ ಸಾಲಿನಲ್ಲಿದ್ದವರು ಸೇರಿಸೆಂದು ಕೇಳಿರಲೇ ಇಲ್ಲ, ಇನ್ನೊಬ್ಬನ ಸಾಲಿನಲ್ಲಿದ್ದವರು ಬಹುಪಾಲು ಕೇಳಿಯೇ ಬಂದಿದ್ದರು.

ಪೈನ್ ಕೈಚೆಲ್ಲಿದ ಮೇಲೆ ನ್ಯೂಮಾರ್ಕ್ ಬೇರೆ ದಾರಿ ಹುಡುಕಲೇಬೇಕಾಯಿತು. ಆ ದಾರಿಯನ್ನು ಬೇರೊಂದು ಖಂಡದಲ್ಲಿ ಒಬ್ಬ ವಿದ್ಯಾರ್ಥಿ ಮೊದಲೇ ಕಡಿದಿಟ್ಟಿದ್ದ. ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳನ್ನು ಬೆಸೆದ ಬಿಟ್‌ನೆಟ್ ಜಾಲ 1981ರಲ್ಲಿ ಅಮೆರಿಕದಲ್ಲಿ ಶುರುವಾಗಿ ಯುರೋಪಿಗೂ ಚಾಚಿತ್ತು. ಅದರ ಮೇಲಿನ ಚರ್ಚಾಪಟ್ಟಿಗಳಿಗೆ ಸೇರಬೇಕೆಂದರೆ ಒಬ್ಬ ಮನುಷ್ಯನಿಗೆ ಪತ್ರ ಬರೆಯಬೇಕು. ಆತ ಬಿಡುವಾದಾಗ ಹೆಸರನ್ನು ಕೈಯಾರೆ ಸೇರಿಸಬೇಕು. ಜನ ಹೆಚ್ಚಿದಂತೆ ಆತನಿಗೆ ಬಿಡುವೇ ಇಲ್ಲದಾಗಿ, ಸೇರಲು ಕೇಳಿದವರು ವಾರಗಟ್ಟಲೆ ಕಾಯುವಂತಾಯಿತು. ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಎರಿಕ್ ಥಾಮಸ್ ಈ ಕಾಯುವಿಕೆಗೆ ರೋಸಿ 1986ರಲ್ಲಿ ತಾನೇ ಒಂದು ತಂತ್ರಾಂಶ ಬರೆದ. ಲಿಸ್ಟ್‌ಸರ್ವ್ ಎಂಬ ಅದಕ್ಕೆ ಒಂದು ಸಾಲಿನ ಅಪ್ಪಣೆ ಕಳಿಸಿದರೆ ಸಾಕು, ಹೆಸರು ತಾನಾಗಿ ಸೇರುತ್ತಿತ್ತು. ಇನ್ನೊಂದು ಸಾಲು ಕಳಿಸಿದರೆ ತಾನಾಗಿ ಅಳಿಯುತ್ತಿತ್ತು. ಅದೇ ಬಗೆಯ ಕೆಲಸಕ್ಕೆ 1992ರಲ್ಲಿ ಬ್ರೆಂಟ್ ಚಾಪ್‌ಮನ್ ಯುನಿಕ್ಸ್ ಯಂತ್ರಗಳಿಗೆಂದು ಮೇಜರ್‌ಡೊಮೊ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದ. 1995ರ ಜೂನ್ ಹೊತ್ತಿಗೆ ನ್ಯೂಮಾರ್ಕ್‌ನ ಪಟ್ಟಿ ಮೇಜರ್‌ಡೊಮೊದ ಹೆಗಲೇರಿತು.

ಆದರೆ ಮೇಜರ್‌ಡೊಮೊ ಒಂದು ಪ್ರಶ್ನೆ ಕೇಳಿತು: ಪಟ್ಟಿಯ ಹೆಸರೇನು? ಸಿಸಿ ಸಾಲಿಗೆ ಹೆಸರು ಬೇಕಿರಲಿಲ್ಲ, ಇದಕ್ಕೆ ಬೇಕಿತ್ತು. ಎಸ್‌ಎಫ್ ಈವೆಂಟ್ಸ್ ಎಂದಿಡೋಣ ಎಂದುಕೊಂಡ ನ್ಯೂಮಾರ್ಕ್. ಪ್ರೋಗ್ರಾಮರ್ ಇಡುವ ಹೆಸರೇ ಅದು, ಸರಿಯಾದದ್ದು, ಸಪ್ಪೆಯಾದದ್ದು. ಗೆಳೆಯರು ತಡೆದರು. ನಾವೆಲ್ಲ ಆಗಲೇ ಅದನ್ನು ಕ್ರೇಗ್ಸ್ ಲಿಸ್ಟ್ ಎನ್ನುತ್ತಿದ್ದೇವೆ, ಹಾಗೇ ಇರಲಿ, ಒಬ್ಬ ಮನುಷ್ಯನ ವಾಸನೆ ಅದರಲ್ಲಿ ಉಳಿಯಲಿ ಎಂದರು. ಆತ ಒಪ್ಪಿದ. ಎಸ್‌ಎಫ್ ಈವೆಂಟ್ಸ್ ಎಂಬ ಹೆಸರಿನ ಪಟ್ಟಿ ಉದ್ಯೋಗ, ಮನೆ, ಹಳೆಯ ಸೋಫಾಗಳ ಕಡೆಗೆ ಅಷ್ಟು ಸಲೀಸಾಗಿ ಹೊರಳುತ್ತಿತ್ತೇ ಎಂಬುದು ಅನುಮಾನ.

ಕೈಕೆಲಸದ ಹೊರೆ ಇಳಿದರೂ ತಲೆನೋವು ಇಳಿಯಲಿಲ್ಲ. ಬರಹಗಳು ಹೆಚ್ಚಿದವು. ಸಂಜೆಯ ಕೂಟ ಹುಡುಕುವವನ ಡಬ್ಬಿಗೆ ಬಾಡಿಗೆ ಮನೆಗಳು ಬಂದು ಬಿದ್ದವು, ಮನೆ ಹುಡುಕುವವಳ ಡಬ್ಬಿಗೆ ಉದ್ಯೋಗಗಳು. ಇಲ್ಲಿಯೇ ಎಷ್ಟೋ ಪಟ್ಟಿಗಳು ಸಾಯುತ್ತವೆ. ಓದುಗ ಸಿಟ್ಟಾಗಿ ಬಿಟ್ಟುಹೋಗುವುದಿಲ್ಲ, ತೆರೆಯುವುದನ್ನು ಬಿಡುತ್ತಾನೆ ಅಷ್ಟೆ. ವಿಷಯಗಳನ್ನು ಬೇರೆ ಬೇರೆ ಮಾಡಿ ಎಂದು ಓದುಗರು ಕೇಳಿದರು. ಉದ್ಯೋಗಕ್ಕೊಂದು ವಿಭಾಗವಾಯಿತು, ಆಮೇಲೆ ಇನ್ನೊಂದು, ಮತ್ತೊಂದು. ವೆಬ್‌ನಲ್ಲಿ ನೋಡುವ ಹಾಗಿದ್ದರೆ ಚೆನ್ನ ಎಂದರು. ಪ್ರೋಗ್ರಾಮು ಬರೆಯುವುದೊಂದು ಮಾತ್ರ ನ್ಯೂಮಾರ್ಕ್‌ಗೆ ಎಂದೂ ಕಷ್ಟವೆನಿಸಿರಲಿಲ್ಲ. ಬಂದ ಇಮೇಲುಗಳನ್ನು ತಾನಾಗಿ ವೆಬ್ ಪುಟಗಳಾಗಿ ಮಾರ್ಪಡಿಸುವ ಪರ್ಲ್ ಭಾಷೆಯ ತುಣುಕುಗಳನ್ನು ಬರೆದು ಸೇರಿಸಿದ. ಪುಟಗಳು ಬೂದು ಹಿನ್ನೆಲೆಯ ಮೇಲೆ ನೀಲಿ ಅಕ್ಷರಗಳ ಸಾಲುಗಳಷ್ಟೆ, ಚೆಂದವೇನೂ ಇರಲಿಲ್ಲ. ಯಾರಿಗೂ ಅದರ ಚಿಂತೆಯೂ ಇದ್ದಂತಿರಲಿಲ್ಲ.

1997ರ ಕೊನೆಗೆ ತಿಂಗಳಿಗೆ ಸುಮಾರು ಹತ್ತು ಲಕ್ಷ ಪುಟಗಳನ್ನು ಜನ ತೆರೆಯುತ್ತಿದ್ದರು. ಆ ಹೊತ್ತಿಗೆ ಮೈಕ್ರೋಸಾಫ್ಟ್‌ನ ಸೈಡ್‌ವಾಕ್ ಎಂಬ ಊರು-ಮಾಹಿತಿ ವಿಭಾಗದವರು ಬ್ಯಾನರ್ ಜಾಹೀರಾತು ಹಾಕಿಕೊಳ್ಳುತ್ತೀರಾ ಎಂದು ಕೇಳಿ ಬಂದರು. ಡಾಟ್‌ಕಾಮ್ ಹಣದ ಮಳೆ ಸುರಿಯುತ್ತಿದ್ದ ಕಾಲ ಅದು. ನ್ಯೂಮಾರ್ಕ್, ಆಗ ಮಾಡುತ್ತಿದ್ದ ಗುತ್ತಿಗೆ ಪ್ರೋಗ್ರಾಮಿಂಗ್‌ನಿಂದ ತನ್ನ ಹೊಟ್ಟೆಬಟ್ಟೆಗೆ ಸಾಕಷ್ಟಾಗುತ್ತಿದೆ, ಓದುಗರಿಗೆ ಆ ಕಿರಿಕಿರಿ ಬೇಡ ಎಂದು ಬಿಟ್ಟ. ದುಡ್ಡು ಮನೆ ಬಾಗಿಲಿಗೆ ಬಂದಾಗ ಬೇಡವೆಂದ ಆತನನ್ನು ದಡ್ಡನೆಂದವರೂ ಇದ್ದಿರಬೇಕು.

ದಡ್ಡತನ ಎನ್ನಬಹುದಾದದ್ದು ಮರುವರ್ಷ ಬಂತು. 1998ರಲ್ಲಿ ಇದನ್ನೆಲ್ಲ ಸ್ವಯಂಸೇವಕರೇ ನಡೆಸಲಿ ಎಂದು ನ್ಯೂಮಾರ್ಕ್ ಬಿಟ್ಟುಕೊಟ್ಟ. ಉತ್ಸಾಹಕ್ಕೆ ಬರವಿರಲಿಲ್ಲ. ಆದರೆ ಇದು ನನ್ನ ಕೆಲಸ ಎಂದು ಹೊತ್ತುಕೊಳ್ಳುವವರಿರಲಿಲ್ಲ, ಮುಂದೆ ನಿಂತು ನಡೆಸಬೇಕಾದ ನ್ಯೂಮಾರ್ಕ್‌ಗೆ ನಡೆಸುವುದು ಬರುತ್ತಿರಲಿಲ್ಲ. ಎಲ್ಲ ಸರಿಯಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಆತನನ್ನು, ಸರಿಯಿಲ್ಲ ಎಂದು ಜೊತೆಗಿದ್ದವರೇ ಕೂರಿಸಿ ಹೇಳಬೇಕಾಯಿತು. ಅದೇ ವರ್ಷ ಶರತ್ಕಾಲದಲ್ಲಿ ಲಿಸ್ಟ್ ಫೌಂಡೇಶನ್ ಎಂಬ ಗಂಭೀರ ಹೆಸರಿಟ್ಟು ಹಳೆಯ ಹೆಸರನ್ನು ಮೆಲ್ಲಗೆ ಬದಿಗೆ ಸರಿಸಲು ಹೊರಟರು. 1999ರ ಏಪ್ರಿಲ್ ಹೊತ್ತಿಗೆ ಅದೇ ಹೆಸರಿನ ಬೇರೆ ಸಂಸ್ಥೆಗಳಿವೆ ಎಂದು ತಿಳಿದು ಅದನ್ನೂ ಕೈಬಿಟ್ಟರು. ಗೆಳೆಯರ ಬಾಯಲ್ಲಿ ಹುಟ್ಟಿದ ಹೆಸರು ಎರಡನೆಯ ಬಾರಿ ಗೆದ್ದಿತು. ಆ ವರ್ಷವೇ ಪಟ್ಟಿ ಕಂಪನಿಯಾಯಿತು, ನ್ಯೂಮಾರ್ಕ್ ಉಳಿದ ಕೆಲಸ ಬಿಟ್ಟು ಇದಕ್ಕೇ ನಿಂತ.

ಕಂಪನಿಯೆಂದರೆ ಸಂಬಳ ಕೊಡಬೇಕು, ಸಂಬಳಕ್ಕೆ ದುಡ್ಡು ಬೇಕು. ಯಾರಿಂದ ತೆಗೆದುಕೊಂಡರೆ ಸರಿ ಎಂಬುದನ್ನು ನ್ಯೂಮಾರ್ಕ್ ಓದುಗರ ಮುಂದೆಯೇ ಇಟ್ಟ. ಉತ್ತರ ಚುರುಕಾಗಿತ್ತು: ಪತ್ರಿಕೆಗಳ ಜಾಹೀರಾತಿಗೆ ಈಗಾಗಲೇ ಹೆಚ್ಚು ತೆತ್ತು ಕಡಿಮೆ ಫಲ ಪಡೆಯುತ್ತಿರುವವರಿಂದ ತೆಗೆದುಕೋ. ಅಂದರೆ ಕೆಲಸಕ್ಕೆ ಜನ ಹುಡುಕುವ ಕಂಪನಿಗಳಿಂದ. ಕೆಲಸ ಹುಡುಕುವವರಿಗೂ ಮಂಚ ಮಾರುವವರಿಗೂ ಎಲ್ಲ ಪುಕ್ಕಟೆಯಾಗಿಯೇ ಉಳಿಯಿತು.

2000ದ ವಸಂತದಲ್ಲಿ ನ್ಯೂಮಾರ್ಕ್ ವಾಸವಿದ್ದ ಅಪಾರ್ಟ್‌ಮೆಂಟಿನಲ್ಲೇ ಒಂಬತ್ತು ಮಂದಿ ಕೂತು ಕೆಲಸ ಮಾಡುತ್ತಿದ್ದರು. ಅವರಲ್ಲೊಬ್ಬ ಆ ವರ್ಷದ ಜನವರಿಯಲ್ಲಿ ಪ್ರೋಗ್ರಾಮರ್ ಆಗಿ ಸೇರಿದ್ದ ಜಿಮ್ ಬಕ್‌ಮಾಸ್ಟರ್. ಹುಡುಕುವ ಸೌಲಭ್ಯ, ಜನರೇ ನೇರವಾಗಿ ಬರಹ ಹಾಕುವ ದಾರಿ, ಕಿಡಿಗೇಡಿ ಬರಹ ಕಂಡರೆ ಓದುಗರೇ ಗುರುತು ಮಾಡಿ ತೆಗೆಸುವ ಏರ್ಪಾಡು, ಇವೆಲ್ಲ ಅವನ ಕೈಯಿಂದ ಬಂದವು. ತಾನು ಒಳ್ಳೆಯ ಮ್ಯಾನೇಜರ್ ಅಲ್ಲ ಎಂಬುದನ್ನು ನ್ಯೂಮಾರ್ಕ್ ಆ ಹೊತ್ತಿಗೆ ಅರಗಿಸಿಕೊಂಡಿದ್ದ. ವರ್ಷ ಮುಗಿಯುವ ಮೊದಲೇ ಬಕ್‌ಮಾಸ್ಟರ್‌ನನ್ನು ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸಿ, ತಾನು ಗ್ರಾಹಕರ ದೂರು ಕೇಳುವ ಮೇಜಿಗೆ ಹೋಗಿ ಕೂತ. ಕಂಪನಿಯ ಹೆಸರಲ್ಲಿ ತನ್ನ ಹೆಸರೇ ಇರುವ ಮನುಷ್ಯ ವರ್ಷಗಳ ಕಾಲ ದಿನಾ ಮಾಡಿದ್ದು ಅದೇ ಕೆಲಸ: ಸುಳ್ಳು ಬಾಡಿಗೆ ತೋರಿಸಿ ಆಸೆ ಹುಟ್ಟಿಸುವ ನ್ಯೂಯಾರ್ಕಿನ ದಲ್ಲಾಳಿಗಳ ಬೆನ್ನು ಹತ್ತುವುದು, ಕಳೆದುಹೋದ ಬರಹ ಹುಡುಕಿಕೊಡುವುದು, ಬೈದು ಬರೆದವರಿಗೆ ಸಮಾಧಾನದಿಂದ ಉತ್ತರಿಸುವುದು.

2000ದ ಜೂನ್‌ನಲ್ಲಿ ಬಾಸ್ಟನ್ನಿಗೊಂದು ಪಟ್ಟಿ ಬಂತು, ಆಗಸ್ಟ್‌ನಲ್ಲಿ ನ್ಯೂಯಾರ್ಕ್, ಷಿಕಾಗೋ, ಸಿಯಾಟಲ್ ಮೊದಲಾದವಕ್ಕೆ. 2004ರ ನವೆಂಬರಿನಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳ ಗಡಿ ದಾಟಿದಾಗ ಆಮ್‌ಸ್ಟರ್‌ಡಾಮ್, ಪ್ಯಾರಿಸ್, ಸಾವೊ ಪೌಲೊ, ಟೋಕಿಯೊಗಳ ಜೊತೆ ಬೆಂಗಳೂರಿಗೂ ಒಂದು ಬಂತು. ಎಲ್ಲ ಊರುಗಳನ್ನೂ ಒಂದೇ ರಾಶಿಗೆ ಹಾಕಲಿಲ್ಲ, ಪ್ರತಿ ಊರಿನದೂ ಬೇರೆಯೇ ಆಗಿತ್ತು. ಆ ಒಂಬತ್ತು ವರ್ಷಗಳ ಎಡವಾಟ ಕಂಡುಕೊಂಡಿದ್ದ ಗುಟ್ಟು ಅಲ್ಲೇ ಇತ್ತು.

ಗುಟ್ಟಿನ ಮೊದಲರ್ಧ ಯಂತ್ರದ್ದು. ಸಿಸಿ ಸಾಲಿನಲ್ಲಿ ಕಳಿಸಿದರೆ ಪ್ರತಿ ಪತ್ರವೂ ಇಡೀ ಪಟ್ಟಿಯನ್ನು ನೆತ್ತಿಯ ಮೇಲೆ ಹೊತ್ತು ಹೋಗಬೇಕು. ಓದುಗ ಹೆಚ್ಚಿದಷ್ಟೂ ಹೊರೆ ಹೆಚ್ಚು, ಸೇರಿಸುವ ಅಳಿಸುವ ಕೆಲಸ ಒಬ್ಬನದೇ. ಮೇಜರ್‌ಡೊಮೊದಲ್ಲಿ ಪತ್ರದ ತಲೆಯ ಮೇಲೆ ಪಟ್ಟಿಯದೊಂದೇ ವಿಳಾಸ. ಹೆಸರುಗಳು ಸರ್ವರಿನ ಕಡತದಲ್ಲಿ ಕೂತಿರುತ್ತವೆ, ಪತ್ರ ಅಲ್ಲಿಗೆ ಬಂದ ಮೇಲೆ ತಂತ್ರಾಂಶವೇ ಪ್ರತಿಗಳನ್ನು ಹಂಚುತ್ತದೆ, ಬರುವವರು ಹೋಗುವವರು ತಮ್ಮ ಹೆಸರನ್ನು ತಾವೇ ನೋಡಿಕೊಳ್ಳುತ್ತಾರೆ. ಇನ್ನರ್ಧ ಜನರದ್ದು. ಒಬ್ಬನೇ ಬರೆಯುವ ಸುದ್ದಿಪತ್ರದಲ್ಲಿ ಓದುಗರು ಹತ್ತು ಪಟ್ಟಾದರೂ ಸುದ್ದಿ ಅಷ್ಟೇ ಇರುತ್ತದೆ, ಹಾಗಾಗಿ ಹೊಸಬನಿಗೆ ಅದು ತನ್ನದೆನಿಸುವುದು ಕಡಿಮೆಯಾಗುತ್ತ ಹೋಗುತ್ತದೆ. ನ್ಯೂಮಾರ್ಕ್‌ನ ಪಟ್ಟಿಗೆ ಸೇರಿದ ಪ್ರತಿಯೊಬ್ಬರೂ ಒಂದು ಖಾಲಿ ಕೋಣೆಯನ್ನೋ ಕೆಲಸವನ್ನೋ ಜೊತೆಗೇ ತರುತ್ತಿದ್ದರು. ಓದುವವರು ಹೆಚ್ಚಿದಷ್ಟೂ ಓದಲು ಇರುವುದೂ ಹೆಚ್ಚಿತು. ಹಾಗೆ ಹೆಚ್ಚಿದ್ದನ್ನು ವಿಭಾಗವಾಗಿ, ಊರಾಗಿ ಸೀಳಿದ್ದರಿಂದ ಒಬ್ಬೊಬ್ಬ ಓದುಗನ ಕಣ್ಣಿಗೆ ಬೀಳುತ್ತಿದ್ದ ಭಾಗ ಮಾತ್ರ ಚಿಕ್ಕದಾಗಿಯೇ ಉಳಿಯಿತು.